ಇವತ್ತು: ಸಮುದ್ರ

ರಾತ್ರಿ ಎರಡು ದಾಟೇತಿ. ಬೆಟಗೇರಿಯ ನಮ್ಮ ಓಣ್ಯಾಗ
ಕೊಡ, ಬಕೀಟು, ನೀಲಿ ಬ್ಯಾರಲ್ಲು ಸಾಲಾಗಿ ಕುಂತು
ನಳದ ಬಾಯಿ ನೋಡತಾವ.
ಹೋದ ಸಲ ನೀರು ಬಂದು ಇವತ್ತಿಗೆ ಹದಿನಾರು ದಿನ.
"ಹಡಗಿನ ಸುದ್ದಿ ಹೇಳ್ರಿ ಫಕೀರಪ್ಪಣ್ಣ, ಬರೂತನಕ"
ಅಂತಾಳ ಎದುರುಮನಿ ಬೂಬಮ್ಮ, ಕಟ್ಟಿಗೆ ಬೆನ್ನು ಹಚ್ಚಿ.

ಮೂವತ್ತೊಂದು ವರ್ಷ ವಾಲ್ವು ತಿರುವಿದ ಕೈ ಇವು.
ಮದಿವಿ ಊಟಕ್ಕ ಕುಂತರೂ, ಮಣ್ಣು ಕೊಡಾಕ ಹೋದರೂ
ಒಂದ ಮಾತು: "ನಮ್ಮ ಕಡೆ ಯಾವಾಗ ಬಿಡ್ತೀರಿ?"
ಕಾಶವ್ವನ ಚೀಟಿ ರೊಕ್ಕ, ನನ್ನ ಗ್ರಾಚ್ಯುಟಿಯ ಒಂದು ಚೂರು
ಕೂಡಿಸಿ, ಮುಂಬೈದಾಗ ಹಡಗು ಹತ್ತಿದಿವಿ.
ಹತ್ತೊಂಬತ್ತು ದಿನ.

ಮುಂಜಾನೆ ಬಾಗಿಲ ಸಂದ್ಯಾಗ ಒಂದು ಕಾಗದ ತೂರಿರತಿತ್ತು:
ಇವತ್ತು ಯಾವ ಊರು, ಎಷ್ಟಕ್ಕ ಇಳಿಯೂದು, ಎಷ್ಟಕ್ಕ ಹತ್ತೂದು.
ಕೆಲವು ದಿನ ಊರ ಇಲ್ಲ. ಬರೇ ಒಂದು ಶಬ್ದ,
ಸಮುದ್ರ.
ಮರುದಿನ ಮತ್ತ, ಸಮುದ್ರ.
ಮಂದಿ ಬ್ಯಾಸರ ಮಾಡಕೊಂಡು ಇಸ್ಪೀಟಿಗೆ ಕುಂತರು.
ನಾನು ಆ ಕಾಗದ ಮಡಚಿ ಕಿಸೆದಾಗ ಇಟಗೊಂಡೆ,
ರಜಾಚೀಟಿ ಇಟಗೊಂಡಂಗ.

"ಏನು ಮಾಡಿದ್ರಿ ಮತ್ತ, ಅಷ್ಟು ದಿನ?"
ಏನೂ ಇಲ್ಲವ್ವ. ಅದನ್ನ ಹೆಂಗ ಹೇಳೂದು?
ಹನ್ನೊಂದನೇ ಮಾಳಗಿ ಮ್ಯಾಲೆ ಒರಗು ಕುರ್ಚಿ.
ಕಪ್ಪತಗುಡ್ಡದ ಗಾಳಿ ಕುಡದು ಬೆಳದ ಮೈ, ಆದರೂ
ಆ ಗಾಳ್ಯಾಗ ಧೂಳ ಇರಲಿಲ್ಲ, ಉಪ್ಪಿತ್ತು.
ತುಟಿ ಸವರಿಕೊಂಡರ ಶೇಂಗಾ ಹಿಂಡಿ ನೆನಪಾಗಿ
ಕಾಶವ್ವ ಡಬ್ಬಿ ತಗೀತಿದ್ದಳು,
ಕಟಕ ರೊಟ್ಟಿ ಮುರಿಯೂ ಸಪ್ಪಳಕ್ಕ
ಬಾಜೂ ಕುರ್ಚಿಯ ಗೊರಕಿ ನಿಲ್ಲತಿತ್ತು.

ನೇಕಾರರ ಮನಿ ಮಗಳು ಆಕಿ. ನೀರು ನೋಡಿ ಅಂದಳು:
"ಒಡಲು ಮಸ್ತ ನೇದಾನ್ರಿ. ಆದರ
ದಡಾನೂ ಕಾಣವಲ್ದು, ದಡೀನೂ ಕಾಣವಲ್ದು."
ಖೋಲಿ ಹುಡುಗ ಟಾವೆಲ್ಲು ಸುತ್ತಿ ಆನಿ ಮಾಡಿಟ್ಟು ಹೋದ.
ಬಿಚ್ಚಲಿಲ್ಲ ಆಕಿ. ಮೂರು ದಿನ
ಸೆರಗಿನಿಂದನ ಮಾರಿ ಒರಸಿಕೊಂಡಳು.

ಜಳಕ ದಿನಕ್ಕ ಎರಡು.
ಸಾಬಾಣ ಹಚ್ಚೂವಾಗ ನಳ ಬಂದು ಮಾಡತಿದ್ದೆ, ಕೈ ರೂಢಿ.
ಆರನೇ ದಿನ ಬಿಟ್ಟ ಬಿಟ್ಟೆ. ನೂರು ಎಣಿಸಿದೆ.
ಮೈ ಜುಮ್ಮಂತು, ಯಾರದೋ ಹೊಲದಾಗ ಕಡ್ಲಿ ಕಿತ್ತಂಗ.
ಇಂಜಿನ್ ಕೆಲಸದ ರತ್ನಾಗಿರಿ ಹುಡುಗನ್ನ ಕೇಳಿದೆ,
ಇಷ್ಟು ಮಂದಿಗೆ ನೀರು ಎಲ್ಲಿಂದ ಏರಸ್ತೀರಿ?
"ಇದನ್ನ ಸಿಹಿ ಮಾಡ್ತೀವಿ, ಕಾಕಾ" ಅಂತ ಕಡಲು ತೋರಿಸಿದ.
ದಿನಾ?
ದಿನಾ.
ಸ್ವಲ್ಪ ಹೊತ್ತು ಕುಂತೆ ಅಲ್ಲೇ, ಮೆಟ್ಟಲ ಮ್ಯಾಲೆ.

ಹಾರೂ ಮೀನ ಕಂಡೆ ಅಂದರ ನೀವು ನಂಬೂದಿಲ್ಲ, ಬ್ಯಾಡ.
ಇದನ್ನ ನಂಬ್ರಿ:
ಒಂದು ಮುಂಜಾನೆ ಏಳರಿಂದ ಹನ್ನೆರಡರ ತನಕ
ಬಿಳಿ ನೊರಿ ಹಿಂದ ಹಿಂದ ಹೋಗೂದು ನೋಡಿದೆ.
ಏನು ವಿಚಾರ ಮಾಡಿದೆ, ನೆನಪಿಲ್ಲ.
ಸುತ್ತ ಕಣ್ಣು ಮುಟ್ಟೂ ತನಕ ನೀರು,
ಯಾರೂ ಕೇಳಲಿಲ್ಲ ಯಾವಾಗ ಬಿಡ್ತೀರಿ ಅಂತ.
ಊರು ಬಂದ ದಿನ ಎಲ್ಲಾರೂ ಇಳದರು.
ನಾನು ಇಳೀಲಿಲ್ಲ.

ಅಕಾ, ನಳ ಕೆಮ್ಮತು. ಬರೇ ಗಾಳಿ.
"ಯಾಕ ತಡ, ಫಕೀರಪ್ಪಣ್ಣ?"
ಹೊಸ ಹುಡುಗ ಮೈಲಾರಿ ಈಗ ಚೇಂಬರಿನ್ಯಾಗ ಬಗ್ಗಿರಬೇಕು,
ನಾನು ಹಿಡದು ಸವದ ಕೀಲಿ ಅವನ ಕೈಯಾಗ.
"ನನಗೇನು ಗೊತ್ತವ್ವ" ಅಂದೆ.
ಎಷ್ಟು ರುಚಿ ಐತಿ ಆ ಮಾತಿಗೆ!

ಮೊದಲು ಕೆಂಪು, ಆಮ್ಯಾಲೆ ತಿಳಿ. ಓಣಿಯೆಲ್ಲಾ ಓಡತೈತಿ.
ಬ್ಯಾರಲ್ಲು ತುಂಬಿ, ಅಂಚಿನ ಮ್ಯಾಲೆ ಅಂಗೈ ಇಟ್ಟೆ,
ನೀರು ತೂಗತಿತ್ತು. ಊರು ಮುಟ್ಟಿ ಎಂಟು ದಿನ,
ನೆಲದ ಮ್ಯಾಲೆ ನನ್ನ ಕಾಲೂ ಇನ್ನಾ ತೂಗತಾವ.
"ಸಾಕು ನಿಮ್ಮ ಹಡಗು" ಅಂದಳು ಕಾಶವ್ವ,
"ಪೈಪು ಹಿಡೀರಿ."