ಹೊಟ್ಟಿನ ಲೆಕ್ಕ

ಕಲ್ಲು ಕೊಯ್ಯೋ ಮಷಿನ್ ಮಾರಿದ ಮ್ಯಾಲ
ಶೆಡ್ಡು ಮೂರು ವರ್ಷ ಖಾಲಿ ಬಿದ್ದಿತ್ತು.
ನೆಲ, ಗೋಡಿ, ಮ್ಯಾಲಿನ ಹಾಸು, ಎಲ್ಲಾ ಶಹಾಬಾದ್ ಪರಸಿ.
ಹೊರಗ ಕಾಗಿ ಬಾಯಿ ತಕ್ಕೊಂಡು ಕುಂತಿದ್ದರೂ
ಒಳಗ ಕಾಲಿಟ್ಟರ
ಅಂಗಾಲಿಗೆ ಬಾವಿ ನೆನಪಾಗ್ತಿತ್ತು.

ಖಾಜಾಬಿ ಅಂದಳು, ಇಲ್ಲಿ ಅಣಬೆ ಬೆಳೀತಾವ, ಜಗದೇವಿ.
ನಾಯಿಕೊಡೆ? ಅಂದೆ.
ನಾಯಿಕೊಡೆ ಅಲ್ಲ, ಚಿಪ್ಪಣಬೆ, ಅಂದಳು,
ಮೂರು ದಿನದ ತರಬೇತಿಯಾಗ ಕೊಟ್ಟ ಪೆನ್ನು
ಕಿವಿಗೆ ಸಿಗಿಸಿಕೊಂಡು.

ಹೊಟ್ಟು ಆಗ ಪುಕ್ಕಟೆ.
ಖಾಜಾಬಿಯ ತವರಿನ ಕಡೆ, ಕಮಲಾಪುರದಾಚೆ,
ಸೋಯಾ ರಾಶಿ ಮುಗಿದ ಕಣದಾಗ
ದನ ಮೂಸಿ ಬಿಟ್ಟ ಗುಡ್ಡ.
ಮಾಲಿಪಾಟೀಲರು ಬೈಕಿನ ಮ್ಯಾಲಿಂದಲೇ ಕೈ ಬೀಸಿದರು:
ಒಯ್ರಿ ಒಯ್ರಿ, ಇಲ್ಲಂದ್ರ ಕಡ್ಡಿ ಗೀರೋದೇ.

ರಾತ್ರಿಯೆಲ್ಲಾ ನೆನೆಯಿಟ್ಟು
ಡ್ರಮ್ಮಿನಾಗ ಕುದಿಸಿ, ಹಾಸಿ ಆರಿಸಿ,
ಮುಷ್ಟಿಯಾಗ ಹಿಂಡಿದರ ಹನಿ ಬೀಳಬಾರದು,
ಅಂಗೈ ಮಾತ್ರ ಹಸಿ ಆಗಬೇಕು.
ಪುಸ್ತಕದಾಗ ಇದಕ್ಕ ಶೇಕಡಾ ಎಷ್ಟೋ ಬರೆದಾರ.
ನನಗ ರೊಟ್ಟಿ ಹಿಟ್ಟಿನ ಲೆಕ್ಕ ಸಾಕಾಯ್ತು.

ಬೀಜ ಅಂತ ಬಂದದ್ದು ನಮ್ಮದೇ ಜೋಳ,
ಕಾಳು ಕಾಳಿಗೂ ಬಿಳಿ ಕುಂಚಿಗೆ ಕಟ್ಟಿದಂಗ.
ಮನಿ ಜೋಳಕ್ಕ ಬೂಸ್ಟು ಹಿಡಿದರ
ಅತ್ತಿ ಊರು ಕೇಳೋಹಂಗ ಬೈತಾಳ.
ಈ ಬೂಸ್ಟಿಗೆ ಕಿಲೋಕ್ಕ ನೂರಾ ಇಪ್ಪತ್ತು ಕೊಟ್ಟದ್ದು
ಆಕಿಗೆ ಇನ್ನೂ ಹೇಳಿಲ್ಲ.

ನಲವತ್ತು ಚೀಲ. ಹದಿನೆಂಟು ದಿನ ಕತ್ತಲು.
ಬಾಗಿಲಿಗೆ ಗೋಣಿತಟ್ಟು,
ತಟ್ಟಿಗೆ ದಿನಕ್ಕ ನಾಕು ಸಲ ನೀರು.
ಚೀಲದೊಳಗ ಏನೋ ನಡೆದಿತ್ತು,
ಗರಗಸ ಇದ್ದ ಅದೇ ಜಾಗದಾಗ.
ಹನ್ನೊಂದು ವರ್ಷ ಅದರ ಬಾಜೂಕ ನಿಂತೀನಿ;
ನನ್ನ ಎಡಗಿವಿ ಒಯ್ದದ ಅದು.
ಬಲಗಿವಿ ಚೀಲಕ್ಕ ಹಚ್ಚಿ ಕೇಳಿದೆ.
ಏನೂ ಇಲ್ಲ.
ಏನೂ ಇಲ್ಲದ್ದನ್ನ ಕೇಳಿ
ಎಷ್ಟು ವರ್ಷ ಆಗಿತ್ತು.

ಏಳು ಚೀಲ ಹಸಿರಾದವು.
ಖಾಜಾಬಿ ಮೂಗಿಗೆ ಸೆರಗು ಹಿಡಿದು
ಹಳ್ಳದ ದಂಡೀಗೆ ಹೂತು ಬಂದಳು.
ನಾ ಕೈ ತೊಳೆದಿದ್ದೆ, ಅಂದಳು.
ನಾನೂ, ಅಂದೆ.
ಇಬ್ಬರಾಗ ಒಬ್ಬಾಕಿ ಸುಳ್ಳು ಹೇಳಿದ್ದಳು.

ಉಳಿದ ಮೂವತ್ಮೂರರಾಗ, ಒಂದು ಮುಂಜಾನೆ,
ತೂತಿನಿಂದ ಬೂದು ಬಣ್ಣದ ಗುಂಡುಸೂಜಿ ತಲಿ,
ಮರುದಿನ ಕೂಸಿನ ಕಿವಿ,
ಮೂರನೇ ದಿನ ಶೆಡ್ಡಿನ ತುಂಬ
ಕಿವಿ, ಕಿವಿ, ಕಿವಿ.
ನಾ ಸಣ್ಣ ದನಿಯಾಗ ಮಾತಾಡೋದು ಕಲಿತೆ.

ಕಲಬುರ್ಗಿ ಸೂಪರ್ ಮಾರ್ಕೆಟ್ಟಿನಾಗ
ಧೋತರದ ಅಜ್ಜ ಒಬ್ಬ ಬಗ್ಗಿ ನೋಡಿ ಕೇಳಿದ:
ಇದು ಕಾಯಿಪಲ್ಯಾನೋ ಮಟನ್ನೋ?
ಸೋಮವಾರ ನಡೀತದೋ ಇಲ್ಲೋ?
ಹೊಟ್ಟಿನಾಗ ಹುಟ್ಟ್ಯಾದ, ನೀವೇ ಹೇಳ್ರಿ, ಅಂದಳು ಖಾಜಾಬಿ.
ಕಾಲು ಕಿಲೋ ಒಯ್ದ.
ಮುಂದಿನ ಸೋಮವಾರ ಬರಲಿಲ್ಲ.
ಮಂಗಳವಾರ ಬಂದ, ಅರ್ಧ ಕಿಲೋ ಅಂದ.

ಎರಡನೇ ವರ್ಷ ಟೆಂಪೋ ತಕ್ಕೊಂಡು ಹೋದರ
ಮಾಲಿಪಾಟೀಲರು ಕೈ ಬೀಸಲಿಲ್ಲ.
ಕುರ್ಚಿ ಹಾಕಿಸಿದರು. ಬಸಿಯೊಂದಿಗೆ ಚಹಾ ಬಂತು.
ಬಸಿ ನೋಡಿದಾಗಲೇ ತಿಳೀತು.
ಚೀಲಕ್ಕ ನಲವತ್ತು, ಅಂದರು.
ಖಾಜಾಬಿಗೆ ಸಿಟ್ಟು. ನನಗ, ಯಾಕೋ, ನಗು:
ಕಡ್ಡಿ ಗೀರೋ ಕೈಗೆ
ತಕ್ಕಡಿ ಹಿಡಿಸಿದವರು ನಾವೇ ಅಲ್ಲೇನು.
ಇಪ್ಪತ್ತೆಂಟಕ್ಕ ಮುಗೀತು,
ಮ್ಯಾಲ ಒಂದು ಡಜನ್ ಕೆಂಪು ಬಾಳೆಹಣ್ಣು.

ಈಗ ಚೈತ್ರ. ಚೀಲ ಇಳಿಸೀವಿ,
ಉಂಡುಳಿದ ಹೊಟ್ಟು ತಿಪ್ಪಿಗೆ ಹೋಗ್ಯಾದ.
ಈ ಬಿಸಿಲಿಗೆ ಅವು ಏಳೋದಿಲ್ಲ;
ಮೊದಲ ಮಳಿ ತನಕ ಶೆಡ್ಡು ನನ್ನದು.
ಮಧ್ಯಾಹ್ನ ಅಲ್ಲೇ ಒರಗ್ತೀನಿ,
ಬಲಗಿವಿ ಪರಸಿಗೆ ಹಚ್ಚಿ.