ನಲವತ್ತೊಂದು

ಹಾಳೆಯಲ್ಲಿ ಅವಳಿಗೆ ಹೆಸರಿಲ್ಲ, ನಲವತ್ತೊಂದು.
ಮುಟ್ಟಿನ ಮೂರನೇ ದಿನ, ಮಾಚೇನಹಳ್ಳಿ ಗಾರ್ಮೆಂಟ್ಸಿಗೆ
ಅರ್ಧ ರಜೆ ಹಾಕಿ ರಕ್ತ ಕೊಡಲು ಬರುತ್ತಿದ್ದಳು,
ಸೆರಗಿಗೆ ಅಂಟಿದ ನೀಲಿ ನೂಲಿನೊಂದಿಗೆ.

ಮದುವೆಯಾಗಿ ಎಷ್ಟು ವರ್ಷ?
ನನ್ನ ಹಾಳೆಯ ಆರನೇ ಪ್ರಶ್ನೆ.
"ಊರವರದು ಇದೇ ಮೊದಲನೇದು ಮೇಡಂ,
ನೀವು ಆರಕ್ಕೆ ಬಂದ್ರಿ," ನಕ್ಕಳು.
"ಗಂಡನ ಪರೀಕ್ಷೆ?"
"ಅವರಿಗೇನೂ ಇಲ್ವಂತೆ. ಅತ್ತೆ ಹೇಳಿದಾರೆ."
ಆಗಿಲ್ಲ, ಎಂದು ಗುರುತು ಹಾಕಿದೆ.

ಆಗಸ್ಟಿನಲ್ಲಿ ಬರಲಿಲ್ಲ. ಸೆಪ್ಟೆಂಬರಿನಲ್ಲೂ.
ಕೈತಪ್ಪಿದವರ ಕಾಲಮ್ಮಿಗೆ ಸೇರಿಸಿ, ಅಂದರು ಡಾಕ್ಟರು.
ಸೇರಿಸಿದೆ.

ನಿನ್ನೆ ಗಾಂಧಿ ಬಜಾರಿನಲ್ಲಿ
ಎರಡು ಕಟ್ಟು ಮೆಂತ್ಯ ಸೊಪ್ಪು ಹಿಡಿದು ಎದುರಾದಳು.
ನನ್ನ ಕಣ್ಣು ಮೊದಲು ಹೋದದ್ದು ಅವಳ ಹೊಟ್ಟೆಗೆ,
ಥೇಟ್ ಊರವರ ಹಾಗೆ.
ಹೋದದ್ದನ್ನು ಅವಳೂ ಕಂಡಳು.
"ಅದಲ್ಲ ಮೇಡಂ. ಲೈನಿಗೆ ಸೂಪರ್‌ವೈಸರ್ ಆದೆ,
ರಜೆ ಸಿಗಲ್ಲ."
ಆಮೇಲೆ, ಸೊಪ್ಪನ್ನು ಕೈಯಿಂದ ಕೈಗೆ ಬದಲಿಸುತ್ತ:
"ನನ್ನ ರಕ್ತ ಇದೆಯಾ ಇನ್ನೂ?"

ಇದೆ. ಮೈನಸ್ ಎಂಬತ್ತರ ಫ್ರೀಜರಿನಲ್ಲಿ,
ಬೆರಳುದ್ದದ ಕೊಳವೆ, ಮೇಲೆ ನನ್ನದೇ ಕೈಬರಹ.
"ಕರೆಂಟು ಹೋದರೆ?"
"ಜನರೇಟರ್ ಇದೆ."
"ನಮ್ಮನೇಲಿ ಮೇಣದಬತ್ತಿ," ಅಂದಳು,
"ಪುಣ್ಯವಂತ ರಕ್ತ ಬಿಡಿ ಅದು."
ಆಟೋ ನಿಲ್ಲಿಸಿ, ಬೆಲೆ ಕೇಳಿ, ಹತ್ತದೆ
ನಡೆದೇ ಹೋದಳು.