ಯಾವ ಬಣ್ಣ

ಹಸಿರು ಬೇಡ ಎಂದೆ.
ಈ ಕೋಶಗಳು ಮೊದಲೇ ಹಸಿರು ಮಿನುಗುವಂಥವು,
ಹಸಿರಿನ ಮೇಲೆ ಹಸಿರು ಬಳಿದರೆ ಯಂತ್ರದ ಕಣ್ಣಿಗೆ
ಯಾವುದು ಹುಟ್ಟಿದ್ದು, ಯಾವುದು ಹಚ್ಚಿದ್ದು?

ಕೆಂಪು? ಅದು ಪೊರೆಗೆ ಅಂಟುವ ಜಾತಿ.
ಕಳೆದ ರಂಜಾನಿನಲ್ಲಿ ನೋಡಿದೆವಲ್ಲ,
ಪಕ್ಕದವರ ಮೈಗೂ ಬಳಿದುಕೊಂಡು
ಬಣ್ಣ ಮುಟ್ಟದವೂ ಬಂದು ನಿಂತವು ಸುಳ್ಳುಸಾಕ್ಷಿಗೆ.

ನೇರಳೆಯೇ ಸರಿ, ಎಂದರು ಡಾಕ್ಟರ್ ಬುದೂರ್.
ನೇರಳೆಯ ಲೇಸರ್ ಮಾತ್ರ ಮೇ ತಿಂಗಳಿಂದ ಮಲಗಿದೆ.
ದುಬೈಯಿಂದ ಬರಬೇಕಾದ ಎಂಜಿನಿಯರ್
ಇನ್‌ಶಾ ಅಲ್ಲಾ, ಭಾನುವಾರ, ಎನ್ನುತ್ತಾನೆ.
ಯಾವ ಭಾನುವಾರ ಎಂದು ಹೇಳುವುದಿಲ್ಲ.

ಸಂಜೆ ಹವಲ್ಲಿಯಲ್ಲಿ ಬಸ್ಸಿಳಿದು
ನಲವತ್ತೇಳು ಡಿಗ್ರಿಯನ್ನು ತಲೆಯ ಮೇಲೆ ಹೊತ್ತು
ಬಿಳಿ ಕೋಟು ತರಲು ಲಾಂಡ್ರಿಗೆ ಹೋದೆ.
ಮೊತಾಲೆಬ್ ಕಾಲರು ಮಗುಚಿ ತೋರಿಸಿದ:
ಅರಬ್ಬಿ ಅಂಕಿಯಲ್ಲಿ ನನ್ನ ಫ್ಲ್ಯಾಟಿನ ನಂಬರು,
ಇರುವೆ ನಡೆದಷ್ಟು.
ಹಿಂದೆ ತೂಗಿದ್ದವು ಮುನ್ನೂರು ದಿಶ್ದಾಶಾ, ಮುನ್ನೂರೂ ಬಿಳಿ,
ಒಂದೂ ಅದಲುಬದಲಾಗಿಲ್ಲವಂತೆ.
ಯಾವ ಇಂಕು? ಕೇಳಿದೆ.
ಅವನ ಹಿಂದಿ, ನನ್ನ ಹಿಂದಿ, ಎರಡೂ ಕಡ ತಂದದ್ದು:
‘ಬಟ್ಟೆ ಸುಡಬಾರದು. ಪಕ್ಕದ್ದಕ್ಕೆ ಹತ್ತಬಾರದು.
ತೊಳೆದಷ್ಟೂ ಇರಬೇಕು.
ಜಾಸ್ತಿ ಹಾಕಿದರೆ ಬಟ್ಟೆಯವನು ಬೈತಾನೆ,
ಕಮ್ಮಿ ಹಾಕಿದರೆ ಮಾಲೀಕ.’
ನಾನು ನಾಲ್ಕು ವರ್ಷ ಓದಿದ್ದನ್ನು
ಇಸ್ತ್ರಿಯ ಹಬೆಯೊಳಗಿಂದ ಹೇಳಿ
ಎರಡು ಹ್ಯಾಂಗರು ಕೈಗಿಟ್ಟ.

ಐದು ಮೈಕ್ರೋಮೋಲಾರ್, ಇಪ್ಪತ್ತು ನಿಮಿಷ, ಕತ್ತಲೆ;
ಆಮೇಲೆ ಸೀರಮ್ ಸುರಿದು ಸಾಕು ಅನ್ನಬೇಕು.
ಮೊದಲ ದಿನವೇ ಒಂದಿಷ್ಟು ಸೋರಿಹೋಗುತ್ತದೆ,
ಹೆದರಬಾರದು. ಇಲ್ಲಿಗೆ ಬಂದ ಹೊಸಬರಿಗೆಲ್ಲ ಹಾಗೆಯೇ.
ಉಳಿದದ್ದು ಕಚ್ಚಿಕೊಳ್ಳುತ್ತದೆ.

ಲೇಸರ್ ಎದ್ದದ್ದು ಮೂರನೆಯ ಭಾನುವಾರ.
ಒಂದು ಎರಡಾದಾಗ ಬಣ್ಣ ಅರ್ಧರ್ಧ,
ಅರ್ಧದಲ್ಲಿ ಅರ್ಧ, ಅದರಲ್ಲೂ ಅರ್ಧ;
ಯಾವ ಕೂಸೂ ಜಗಳಾಡದ ಪಾಲುಪಟ್ಟಿ.
ತೆರೆಯ ಮೇಲೆ ಗುಡ್ಡದ ಪಕ್ಕ ಗುಡ್ಡ ಎದ್ದು
ಎಡಕ್ಕೆ, ಮಂಕಿನ ಕಡೆಗೆ ಸರಿದವು.
ಐದರ ತನಕ ಬೆರಳಿಟ್ಟು ಎಣಿಸಿದೆ.
ಆರು, ಬಹುಶಃ.
ಏಳನೆಯದು, ಎಂದೂ ಬಣ್ಣ ಕಾಣದ ಕೋಶಗಳಿಗೂ ಇರುವ
ಆ ಸ್ವಂತದ ಮಂದ ಬೆಳಕಿನೊಳಗೆ ಹೊಕ್ಕಿತು,
ಮತ್ತೆ ಹೊರಗೆ ಬರಲಿಲ್ಲ.

ಏಳನೆಯ ಸಾಲಿಗೆ ಏನು ಬರೆಯಲಿ, ಕೇಳಿದೆ.
ಡಾಕ್ಟರ್ ಬುದೂರ್ ಕನ್ನಡಕ ತೆಗೆದು, ಒರೆಸಿ,
ಇನ್ನೊಮ್ಮೆ ನೋಡಿದರು.
ಖಾಲಿ ಬಿಡು, ಎಂದರು.